ಫೋರ್‌ಮನ್ ಪಾಲಿನ ಪುಟಗಳು

ಗುಂಡು ತಗುಲಿದ ಮನುಷ್ಯ ಸಾಯುತ್ತಾನೆ ಎಂಬುದು ಲೋಕಕ್ಕೆಲ್ಲ ಗೊತ್ತಿರುವ ವಿಷಯ. ಪ್ರೂಫ್ ಸಾರ್ ಅವರಿಗೂ ಗೊತ್ತಿತ್ತು. ಆದರೆ ಹಾಗಂತ ಬರೆಯುವ ಅಧಿಕಾರ ಮಾತ್ರ ಅವರಿಗಿರಲಿಲ್ಲ, ಪಾಪ. ಅವರ ಕಾದಂಬರಿಗಳ ಸಿಪಾಯಿ ಎದೆಗೆ ಗುಂಡು ತಿಂದ, ಬೆನ್ನಿಗೆ ತಿಂದ, ಹಣೆಗೂ ತಿಂದ. ಅವನನ್ನು ವಿಮಾನದಿಂದ ತಳ್ಳಿದರು, ಕಲ್ಲು ಕಟ್ಟಿ ಸಮುದ್ರಕ್ಕೆ ಎಸೆದರು, ಒಮ್ಮೆಯಂತೂ ಸೇತುವೆಯ ಕಂಬದೊಳಗೆ ನಿಲ್ಲಿಸಿ ಕಾಂಕ್ರೀಟು ಸುರಿದುಬಿಟ್ಟರು. ಮುಂದಿನ ಪುಸ್ತಕದ ಮೊದಲ ಪುಟದಲ್ಲೇ ಆಸಾಮಿ ಮೈ ಕೊಡವಿಕೊಂಡು ಎದ್ದು ಬರುತ್ತಿದ್ದ. ಮಾಲೆಗೆ 'ಸಾವಿಲ್ಲದ ಸಿಪಾಯಿ' ಎಂದು ಹೆಸರಿಟ್ಟ ಮೇಲೆ ಸಾಯಿಸುವುದಾದರೂ ಹೇಗೆ, ನೀವೇ ಹೇಳಿ.

ಸಿಪಾಯಿಗೊಂದು ಹಗೆ ಇತ್ತು. ಒಕ್ಕಣ್ಣ ಸೇನಾಪತಿಯೊಬ್ಬ ತನ್ನ ಪಡೆಯನ್ನೇ ಶತ್ರುವಿಗೆ ಮಾರಿಕೊಂಡು, ಹಿಮದ ಕಣಿವೆಯಲ್ಲಿ ಎಲ್ಲರನ್ನೂ ಕೊಲ್ಲಿಸಿದ್ದ. ಹೆಣಗಳ ರಾಶಿಯಿಂದ ಎದ್ದವನು ಇವನೊಬ್ಬನೇ. ಸೇಡು ತೀರಿಸಿಕೊಳ್ಳುವ ತನಕ ಸಾಯುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದ. ಸೇಡು ತೀರಿದರೆ ಮಾಲೆ ಮುಗಿಯುತ್ತದೆ, ಮಾಲೆ ಮುಗಿದರೆ ಅಚ್ಚುಕೂಟದವರ ಹೊಟ್ಟೆಯ ಮೇಲೆ ಕಲ್ಲು ಬೀಳುತ್ತದೆ ಎಂಬುದು ಆಗ ಆ ಪುಣ್ಯಾತ್ಮನಿಗೆ ತಿಳಿದಿರಲಿಲ್ಲ. ಹಾಗಾಗಿ ಪ್ರತಿ ಪುಸ್ತಕದ ಕೊನೆಗೂ ಸೇನಾಪತಿ ಹೆಲಿಕಾಪ್ಟರ್ ಹತ್ತಿ ಪರಾರಿಯಾಗುತ್ತಿದ್ದ.

"ಸಿಪಾಯಿಗೆ ಸಾವಿಲ್ಲ, ಒಪ್ಪಿದೆ ಸಾರ್. ಆ ಮುದುಕ ಸೇನಾಪತಿಗೇನು ಬಂದಿದೆ ದಾಡಿ? ಅವನೂ ಸಾಯ್ತಾ ಇಲ್ವಲ್ಲ!" ಎಂದು ಅಚ್ಚುಕೂಟದ ಫೋರ್‌ಮನ್ ಒಮ್ಮೆ ಕೇಳಿದ.

"ಅವನು ಸತ್ರೆ ನಾಳೆಯಿಂದ ನೀನು ಏನು ಜೋಡಿಸ್ತೀಯ? ಮದುವೆ ಕಾಗದಾನಾ?" ಎಂದರು ಪ್ರೂಫ್ ಸಾರ್.

ಪ್ರೂಫ್ ಸಾರ್ ಎಂಬುದು ಅಚ್ಚುಕೂಟದವರು ಇಟ್ಟ ಹೆಸರು. ಹುಡುಗನಾಗಿದ್ದಾಗ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದವರು ಮುಂದೆ ಮಾಲೆಯ ಲೇಖಕರಾದರೂ ಹೆಸರು ಹಾಗೇ ಅಂಟಿಕೊಂಡಿತು. ಆಳು ಸಣಕಲು. ಜಿರಲೆ ಕಂಡರೆ ಕಾಲು ಮೇಲಿಟ್ಟುಕೊಂಡು ಕೂರುವವರು. ಬಂದೂಕನ್ನು ಹತ್ತಿರದಿಂದ ನೋಡಿದ್ದು ಬ್ಯಾಂಕಿನ ಬಾಗಿಲ ಕಾವಲುಗಾರನ ಹೆಗಲ ಮೇಲೆ ಮಾತ್ರ. ಆದರೂ ಬೆಳಗಾದರೆ ಆ ಅಚ್ಚುಕೂಟದ ಮೂಲೆಯಲ್ಲಿ, ಕಾಗದದ ಕಟ್ಟುಗಳ ಮತ್ತು ಕೈತೊಳೆಯುವ ನಲ್ಲಿಯ ನಡುವಿನ ಮೇಜಿಗೆ ಕೂತು, ಪುಟಕ್ಕೊಬ್ಬರಂತೆ ಶತ್ರುಗಳನ್ನು ಸಂಹರಿಸುತ್ತಿದ್ದರು. ಸೀಮೆಎಣ್ಣೆ, ಮಸಿ, ಬಿಸಿಯಾದ ಯಂತ್ರ, ಎಲ್ಲ ಸೇರಿದ ವಾಸನೆ ಅವರ ಅಂಗಿಗೆ ಎಷ್ಟು ಒಗೆದರೂ ಹೋಗದಷ್ಟು ಹಿಡಿದಿತ್ತು.

ಆ ಅಚ್ಚುಕೂಟದಲ್ಲಿ ಪುಸ್ತಕ ಹುಟ್ಟುವ ರೀತಿಯೇ ತಲೆಕೆಳಗು. ಮೊದಲು ಮುಖಪುಟ, ಆಮೇಲೆ ಕಥೆ. ಬಣ್ಣದ ಮುಖಪುಟಗಳನ್ನು ಬೇರೆ ದೊಡ್ಡ ಪ್ರೆಸ್ಸಿನಲ್ಲಿ ಒಟ್ಟೊಟ್ಟಿಗೆ ಅಚ್ಚು ಹಾಕಿಸಿದರೆ ಅಗ್ಗ ಎಂದು ಯಜಮಾನರು ಚಿತ್ರಗಾರನಿಂದ ತೋಚಿದ್ದನ್ನು ಬರೆಸಿ, ಹೆಸರು ಹಾಕಿಸಿ ಇಟ್ಟುಬಿಡುತ್ತಿದ್ದರು. ಚಿತ್ರದಲ್ಲಿ ಮೊಸಳೆ ಇದ್ದರೆ ಕಥೆಯಲ್ಲಿ ಮೊಸಳೆ ಬರಲೇಬೇಕು. ಒಮ್ಮೆ ಚಿತ್ರಗಾರ ಯಾವ ಗುಂಗಿನಲ್ಲಿದ್ದನೋ, ಸಿಪಾಯಿಗೆ ಎಡಗೈಯೇ ಬರೆದಿರಲಿಲ್ಲ. ಪ್ರೂಫ್ ಸಾರ್ ತಲೆ ಮೇಲೆ ಕೈ ಹೊತ್ತು ಕೂತು, ಮೊದಲ ಅಧ್ಯಾಯದಲ್ಲಿ ಕೈ ಕತ್ತರಿಸಿ, ಕೊನೆಯ ಅಧ್ಯಾಯದಲ್ಲಿ ಅದನ್ನು ಮತ್ತೆ ಬೆಳೆಸಿದರು. ಓದುಗರು ಕಮಕ್ ಕಿಮಕ್ ಅನ್ನಲಿಲ್ಲ.

ಇನ್ನೊಂದು ಕಟ್ಟಳೆ ಪುಟಗಳದ್ದು. ಹದಿನಾರು ಪುಟಕ್ಕೆ ಒಂದು ಫಾರಂ, ಪುಸ್ತಕಕ್ಕೆ ಇಷ್ಟೇ ಫಾರಂ ಎಂದು ಯಜಮಾನರು ಗೆರೆ ಎಳೆದಿದ್ದರು. ಕಥೆ ಆ ಗೆರೆ ದಾಟಿದರೆ ಫೋರ್‌ಮನ್ ಯಾರನ್ನೂ ಕೇಳದೆ ಬಾಲದಿಂದ ಕತ್ತರಿಸುತ್ತಿದ್ದ. ಮೊದಮೊದಲು ಪ್ರೂಫ್ ಸಾರ್ ಅವನ ಮೇಲೆ ಹಾರಾಡಿದರು. ಆಮೇಲೆ ಜಗಳ ಆಡಿ ಸಾಕಾಗಿ ಉಪಾಯ ಕಂಡುಕೊಂಡರು. ಕೊನೆಗೆ ಎರಡು ಮೂರು ಪುಟ ಹೊಗೆ, ಧೂಳು, ಸೂರ್ಯಾಸ್ತ, ದೂರ ಹೋಗುವ ಹೆಲಿಕಾಪ್ಟರಿನ ಸದ್ದು ಎಂದು ಬೇಕೆಂದೇ ಎಳೆದು ಬರೆಯುವುದು. "ಅದು ನಿನ್ನ ಪಾಲು, ಎಷ್ಟು ಬೇಕೋ ಅಷ್ಟು ಕತ್ತರಿಸ್ಕೋ" ಎಂದು ಅವನಿಗೆ ಹೇಳಿಟ್ಟರು. ಅಂದಿನಿಂದ ಇಬ್ಬರಿಗೂ ಸುಖ. ಆ ಪುಟಗಳನ್ನು ಇಬ್ಬರೂ 'ಫೋರ್‌ಮನ್ ಪಾಲು' ಎಂದೇ ಕರೆಯುತ್ತಿದ್ದರು.

ಇಷ್ಟು ವರ್ಷ ಒಬ್ಬನನ್ನೇ ಕುರಿತು ಬರೆಯುವುದು ಹುಡುಗಾಟವಲ್ಲ. ಪ್ರೂಫ್ ಸಾರ್ ಬೇಸತ್ತುಹೋಗಿದ್ದರು. ಮೊಣಕೈಯಿಂದ ಕತ್ತಿನವರೆಗೆ ನೋವು. 'ಢಮಾರ್' ಎಂದು ಬರೆಯುವಾಗ ಆಕಳಿಕೆ ಬರುತ್ತಿತ್ತು. ಸಿಪಾಯಿಯ ಮುಖ ನೆನೆಸಿಕೊಂಡರೆ ಅಯ್ಯೋ ಅನ್ನಿಸುತ್ತಿತ್ತು. ಎಷ್ಟು ನಡೆದಿದ್ದಾನೆ, ಎಷ್ಟು ಚಳಿ ತಿಂದಿದ್ದಾನೆ, ಒಂದು ದಿನವಾದರೂ ಕಾಲು ಚಾಚಿ ಮಲಗಿದ್ದಾನೆಯೇ? ಅವನನ್ನು ಮನೆಗೆ ಕಳಿಸಿ, ನೆಮ್ಮದಿಯಾಗಿ ಕಣ್ಣು ಮುಚ್ಚಿಸಿ, ತಾವೂ ಲೇಖನಿ ಕೆಳಗಿಡಬೇಕು. ಅವರಿಗಿದ್ದ ಆಸೆ ಅದೊಂದೇ. ಯಜಮಾನರ ಸಿಟ್ಟಿಗೆ ಅವರು ಹೆದರುತ್ತಿರಲಿಲ್ಲ. ಹೆದರುತ್ತಿದ್ದುದು ಅತ್ತಿಗೆಗೆ.

ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಅಣ್ಣ ಸೈನ್ಯದಲ್ಲಿದ್ದ. ಮದುವೆಯಾಗಿ ಹೆಂಡತಿಯನ್ನು ಮನೆಗೆ ಕರೆತಂದವನು ರಜೆ ಮುಗಿಯುವ ಮೊದಲೇ ಯುದ್ಧ ಶುರುವಾಗಿ ಹೊರಟುಹೋದ. ಆಮೇಲೆ ಬಂದದ್ದು ಅವನಲ್ಲ, ಸರ್ಕಾರದ ಕಾಗದ. ಕಾಣೆಯಾಗಿದ್ದಾನೆ ಎಂದಷ್ಟೇ ಅದರಲ್ಲಿತ್ತು. ಸತ್ತ ಎಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆ ಎಂದೂ ಹೇಳಲಿಲ್ಲ. ಅಮ್ಮ ಬಾಗಿಲು ನೋಡುತ್ತ ನೋಡುತ್ತಲೇ ತೀರಿಹೋದಳು. ಉಳಿದವರು ಮೈದುನ, ಅತ್ತಿಗೆ ಇಬ್ಬರೇ. ಎರಡು ಕೋಣೆಯ ಮನೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ಮುಂದೆ ಬೀದಿಗೆ ತೆರೆಯುವ ಕಿಟಕಿ. ಮೈದುನನ ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹಾಗೇ ಹೋಯಿತು. ತಾನು ಸಂಸಾರ ಹೂಡಿದರೆ ಅತ್ತಿಗೆ ಮೂಲೆಗೆ ಬೀಳುತ್ತಾರೆ ಎಂಬ ಭಯ ಇವರಿಗೆ. ಅದನ್ನು ಬಾಯಿಬಿಟ್ಟು ಹೇಳಿದವರಲ್ಲ.

ಅಣ್ಣ ಕಾಣೆಯಾದ ಹೊಸತರಲ್ಲೇ ಯಜಮಾನರ ಬಳಿ ಒಂದು ಮುಖಪುಟ ಉಳಿದುಹೋಗಿತ್ತು. ಉರಿಯುವ ಬೆಂಕಿಯ ನಡುವೆ ರಕ್ತ ಸುರಿಸುತ್ತ ನಿಂತ ಸಿಪಾಯಿ. ಕಥೆ ಕೊಡುತ್ತೇನೆಂದವನು ಕೈಕೊಟ್ಟಿದ್ದ. "ಏಯ್, ದಿನಾ ಬೇರೆಯವರ ತಪ್ಪು ತಿದ್ತೀಯಲ್ಲ, ಇದಕ್ಕೊಂದು ಕಥೆ ಬರಿ ನೋಡೋಣ" ಎಂದರು ಯಜಮಾನರು. ಇವರು ಬರೆದರು. ಆದರೆ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅಚ್ಚುಮೊಳೆ ಜೋಡಿಸುವವರು ಮುಟ್ಟುವುದಿಲ್ಲ ಎಂದರು. ಕೊನೆಗೆ ಅತ್ತಿಗೆಯೇ ಅಡುಗೆಮನೆಯ ಹೊಸ್ತಿಲ ಬಳಿ ಕೂತು, ದುಂಡಗೆ, ಬಿಡಿಬಿಡಿಯಾಗಿ, ಪ್ರತಿ ಮಾಡಿ ಕೊಟ್ಟರು. ಕೊನೆಯ ಹಾಳೆ ಮುಗಿಸಿ ತಲೆ ಎತ್ತದೆ ಕೇಳಿದರು, "ಇವನು ಸಾಯಲ್ಲ ತಾನೆ?"

"ಇಲ್ಲ ಅತ್ತಿಗೆ. ಸಾಯಲ್ಲ" ಎಂದರು ಇವರು.

ಅಷ್ಟೇ ಮಾತು. ಆದರೆ ಪ್ರೂಫ್ ಸಾರ್ ಅದನ್ನು ಎದೆಯಲ್ಲಿ ಕಟ್ಟಿಟ್ಟುಕೊಂಡರು. ಸಿಪಾಯಿ ಬದುಕಿರುವಷ್ಟು ದಿನ ಅತ್ತಿಗೆಯ ಪಾಲಿಗೆ ಅಣ್ಣನೂ ಎಲ್ಲೋ ಒಂದು ಕಡೆ ಇದ್ದಾನೆ ಎಂದು ಇವರು ತಿಳಿದರು. ಆಮೇಲೆ ಬಂದ ಪ್ರತಿಯೊಂದು ಪುಸ್ತಕವನ್ನೂ ಅತ್ತಿಗೆ ತಮ್ಮ ಕೈಯಾರೆ ಪ್ರತಿ ಮಾಡಿದರು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಇವರೂ ಆ ಮಾತು ಎತ್ತಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಈ ಸಲದ ಮುಖಪುಟ ನೋಡಿ ಯಜಮಾನರು ಹುಬ್ಬು ಗಂಟಿಕ್ಕಿದ್ದರು. ಚಿತ್ರಗಾರನಿಗೂ ವಯಸ್ಸಾಗಿತ್ತು, ಕಣ್ಣು ಮಂಜು. ಬೆಂಕಿ ಬರೆದು ಬರೆದು ಅವನಿಗೂ ರೋಸಿಹೋಗಿತ್ತೋ ಏನೋ, ಒಂದು ಮುಚ್ಚಿದ ಬಾಗಿಲು, ಅದರ ಮುಂದೆ ಬೆನ್ನು ತೋರಿಸಿ ನಿಂತ ಸಿಪಾಯಿ, ಅಷ್ಟು ಬರೆದು ಕೊಟ್ಟಿದ್ದ. "ಬಾಂಬೆಲ್ಲಿ ಹೋಯ್ತು? ಇವನೇನು ಹಾಲು ಹಾಕೋಕೆ ಬಂದಿದ್ದಾನಾ?" ಎಂದು ಯಜಮಾನರು ಕೂಗಾಡಿದರು. ಅಷ್ಟರಲ್ಲಿ ಮುಖಪುಟ ಅಚ್ಚಾಗಿ ಬಂದುಬಿಟ್ಟಿತ್ತು. ಪ್ರೂಫ್ ಸಾರ್ ಆ ಬಾಗಿಲನ್ನು ನೋಡುತ್ತ ತುಂಬ ಹೊತ್ತು ಕೂತರು. ಇದೇ ಸರಿಯಾದ ಸಮಯ ಅನ್ನಿಸಿತು.

ಬರೆದರು. ಸಿಪಾಯಿ ಕೊನೆಗೂ ಸೇನಾಪತಿಯ ಮನೆ ಹೊಕ್ಕ. ಒಳಗೆ ಹಾಸಿಗೆ ಹಿಡಿದ ಮುದುಕ. ಬಾಯಿಗಿಟ್ಟ ಗಂಜಿ ಗಲ್ಲಕ್ಕೆ ಸೋರುತ್ತಿದೆ, ಸೊಸೆ ಒರೆಸುತ್ತಿದ್ದಾಳೆ. ಸಿಪಾಯಿ ಬಂದೂಕು ಎತ್ತಿ ನಿಂತ. ಮುದುಕನಿಗೆ ಇವನ ಗುರುತೇ ಸಿಗಲಿಲ್ಲ. "ಯಾರಪ್ಪಾ, ಡಾಕ್ಟರಾ?" ಎಂದ. ಇಂಥವನಿಗಾಗಿಯೇ ನಾನು ಇಷ್ಟು ಕಾಲ ಸಾಯದೆ ಉಳಿದದ್ದು ಎಂದು ಸಿಪಾಯಿಗೆ ನಾಚಿಕೆಯಾಯಿತು. ಬಂದೂಕನ್ನು ಗೋಡೆಗೆ ಒರಗಿಸಿ ಹೊರಗೆ ಬಂದ. ಶಪಥ ಅಲ್ಲಿಗೆ ಹರಿಯಿತು. ಹಳೆಯ ಗಾಯಗಳೆಲ್ಲ ಒಟ್ಟಿಗೆ ನೋಯತೊಡಗಿದವು. ನಡೆದು ನಡೆದು ಮನೆ ತಲುಪಿ ಕದ ತಟ್ಟಿದ. ಹೆಂಡತಿ ತೆರೆದಳು. ಅಲ್ಲಿಂದ ಮುಂದೆ ಒಂದೂವರೆ ಪುಟ, ಬಹಳ ಸಾವಧಾನವಾಗಿ, ಪ್ರೂಫ್ ಸಾರ್ ಸಿಪಾಯಿಯನ್ನು ಸಾಯಿಸಿದರು.

ಹಸ್ತಪ್ರತಿಯನ್ನು ಅತ್ತಿಗೆಯ ಮುಂದಿಟ್ಟು ಕಳ್ಳನಂತೆ ಮನೆಯಿಂದ ಹೊರಬಿದ್ದರು. ಆ ವಾರವೆಲ್ಲ ಅತ್ತಿಗೆ ಎಂದಿನಂತೆ ಕೂತು ಪ್ರತಿ ಮಾಡಿದರು. ಒಂದು ದಿನ ಊಟಕ್ಕೆ ಉಪ್ಪೇ ಇರಲಿಲ್ಲ, ಇನ್ನೊಂದು ದಿನ ಬಾಯಿಗಿಡಲಾಗದಷ್ಟು ಉಪ್ಪು. ಇವರು ಎರಡನ್ನೂ ನುಂಗಿದರು. ಕಡೆಗೆ ಅತ್ತಿಗೆ ಹಾಳೆಗಳನ್ನು ದಾರದಲ್ಲಿ ಕಟ್ಟಿ ಕೈಗೆ ಕೊಟ್ಟು, "ತಗೊಂಡು ಹೋಗು" ಎಂದರು. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಒಂದು ಮಾತು ಬೈದಿದ್ದರೂ ಚೆನ್ನಾಗಿತ್ತು ಎಂದುಕೊಳ್ಳುತ್ತ ಪ್ರೂಫ್ ಸಾರ್ ಅಚ್ಚುಕೂಟದ ದಾರಿ ಹಿಡಿದರು.

ಅಲ್ಲಿ ಕಟ್ಟನ್ನು ಫೋರ್‌ಮನ್‌ಗೆ ಕೊಟ್ಟು, ಮೈ ಬಿಸಿಯಾಗಿದೆ ಎಂದು ಮನೆಗೆ ಬಂದು ಮಲಗಿಬಿಟ್ಟರು. ನಿಜಕ್ಕೂ ಜ್ವರವೇ ಬಂತು. ಪ್ರೂಫ್ ಬೇರೆಯವರು ನೋಡಿದರು.

ಎದ್ದು ಹೋಗುವಷ್ಟರಲ್ಲಿ ಪುಸ್ತಕ ಸಿದ್ಧವಾಗಿತ್ತು. ಒಂದಷ್ಟು ಅಂಗಡಿಗಳಿಗೂ ಹೋಗಿತ್ತು. ಯಜಮಾನರು ಕುರ್ಚಿಯಿಂದ ಎದ್ದು ಬಂದು ಬೆನ್ನು ತಟ್ಟಿದರು. "ಭಲೇ! ಈ ಸಲದ ಕೊನೆ ಭರ್ಜರಿ. ಕದ ತಟ್ಟಿದ, ಅಷ್ಟೆ! ಯಾರು ತೆಗೀತಾರೆ? ಓದೋರು ಹುಚ್ಚು ಹಿಡಿದು ಮುಂದಿನದಕ್ಕೆ ಸಾಲು ನಿಲ್ತಾರೆ."

ಪ್ರೂಫ್ ಸಾರ್ ಪುಸ್ತಕ ಕಿತ್ತುಕೊಂಡು ಕೊನೆಯ ಪುಟ ತೆರೆದರು. 'ಸಿಪಾಯಿ ಕದ ತಟ್ಟಿದ.' ಅದರ ಕೆಳಗೆ ತಲೆಗೂದಲಿನ ಎಣ್ಣೆಯ ಜಾಹೀರಾತು.

"ಉಳಿದದ್ದೆಲ್ಲಿ?" ಎಂದರು ಫೋರ್‌ಮನ್ ಕಡೆ ತಿರುಗಿ.

"ಯಾವ ಉಳಿದದ್ದು ಸಾರ್? ಒಂದೂವರೆ ಪುಟ ಜಾಸ್ತಿ ಬರ್ತಿತ್ತು. ನನ್ನ ಪಾಲು ಅಂತ ಎಂದಿನ ಹಾಗೆ ತೆಗೆದೆ. ಓದೋಕೆ ಹೋಗಲಿಲ್ಲ, ಹೆಲಿಕಾಪ್ಟರ್ ತಾನೆ?"

ಅವನದೇನು ತಪ್ಪು? ಬಾಲ ಕತ್ತರಿಸಿಕೋ ಎಂದು ಕಲಿಸಿದವರೇ ಪ್ರೂಫ್ ಸಾರ್. ಕೊನೆಗೆ ಹೊಗೆ ಧೂಳು ತುಂಬುವ ಅಭ್ಯಾಸವನ್ನು ಈ ಸಲ ಮರೆತು, ಇಡೀ ಬದುಕಿನಲ್ಲಿ ಮನಸ್ಸಿಟ್ಟು ಬರೆದ ಆ ಒಂದೂವರೆ ಪುಟವನ್ನು ಒಯ್ದು ಸೀದಾ ಅವನ ಕತ್ತರಿಗೆ ಕೊಟ್ಟಿದ್ದರು. ಇನ್ನೊಮ್ಮೆ ಬರೆಯುವುದೇ? ಇನ್ನೊಂದು ಪುಸ್ತಕ, ಇನ್ನೊಂದಿಷ್ಟು ಹೆಣ? ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲೇರಿದರು.

ಮನೆಗೆ ಬಂದು ಪುಸ್ತಕವನ್ನು ಬಚ್ಚಿಡಬೇಕು ಅಂದುಕೊಂಡರು. ಅತ್ತಿಗೆ ಆಗಲೇ ಕೈಯೊಡ್ಡಿ ನಿಂತಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ಸೀದಾ ಕೊನೆಯ ಪುಟಕ್ಕೆ ಹೋದರು. ಎಣ್ಣೆಯ ಜಾಹೀರಾತನ್ನೂ ತಿರುವಿ ನೋಡಿದರು.

"ಸಾಯೋದು ಎಲ್ಲಿ?"

ಇವರು ನಡೆದದ್ದನ್ನು ಹೇಳಿದರು. ಹೇಳಿ, ಸಮಾಧಾನ ಮಾಡುವ ದನಿಯಲ್ಲಿ, "ಹೋಗ್ಲಿ ಬಿಡಿ ಅತ್ತಿಗೆ. ಒಳ್ಳೇದೇ ಆಯ್ತು. ಬದುಕಿರ್ಲಿ" ಎಂದರು.

"ಯಾರಿಗೋಸ್ಕರ?"

ಅತ್ತಿಗೆ ಹೀಗೆ ಗಂಟಲೇರಿಸಿದ್ದನ್ನು ಪ್ರೂಫ್ ಸಾರ್ ಕೇಳಿಯೇ ಇರಲಿಲ್ಲ. ತಬ್ಬಿಬ್ಬಾಗಿ, "ನಿಮಗೋಸ್ಕರ... ಸಾಯಲ್ಲ ತಾನೆ ಅಂತ ಅವತ್ತು ನೀವೇ..." ಎಂದು ತೊದಲಿದರು.

"ಅವತ್ತು ಕೇಳಿದೆ. ಮದುವೆಯಾದ ಹೊಸದು, ಕೇಳಿದೆ. ಆಮೇಲೆ ಯಾವತ್ತಾದ್ರೂ ಕೇಳಿದ್ನಾ? ನೀನು ಅಣ್ಣನ್ನ ಬಿಟ್ಟುಕೊಡಲಾರೆ, ಬರೆದುಕೊಂಡಾದ್ರೂ ಇರ್ಲಿ ಹುಡುಗ, ಅಂತ ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಬೆನ್ನಿಗೆ ಗುಂಡು ಅಂತ ನೀನು ಬರೀತಿದ್ದೆ, ಅದನ್ನ ಇನ್ನೊಂದು ಸಲ ನಾನು ಬರೀತಿದ್ದೆ. ಸುಟ್ಟರು ಅಂತ ನೀನು ಬರೀತಿದ್ದೆ, ಅದನ್ನೂ ನಾನು ಬರೀತಿದ್ದೆ. ಅವರು ಎಲ್ಲೋ ಒಂದು ಕಡೆ ಒಂದೇ ಸಲ ಸತ್ತಿರ್ತಾರೆ ಕಣೋ. ನಾನು ಎಷ್ಟು ಸಲ ಬರೀಬೇಕು? ಈ ಸಲ ಮಲಗಿಸಿದ್ದೆಯಲ್ಲ, ಅಬ್ಬಾ, ಸದ್ಯ ಅನ್ಕೊಂಡೆ. ಅದನ್ನೂ ಕತ್ತರಿಸಿ ಬಂದಿದ್ದೀಯ!"

ಪ್ರೂಫ್ ಸಾರ್ ಗೋಡೆ ಹಿಡಿದು ನಿಂತರು. ಇವರಿಗಾಗಿ ತಾನು, ತನಗಾಗಿ ಇವರು. ಒಂದೇ ಮಾಡಿನ ಕೆಳಗೆ ಕೂತು ಒಬ್ಬರಿಗೊಬ್ಬರು ಎಂಥ ಶಿಕ್ಷೆ ಕೊಟ್ಟುಕೊಂಡೆವಲ್ಲ!

"ನಡಿ" ಎಂದರು ಅತ್ತಿಗೆ, ಚಪ್ಪಲಿ ಮೆಟ್ಟುತ್ತ. "ಎಲ್ಲಿದೆ ನಿಮ್ಮ ಅಚ್ಚುಕೂಟ, ತೋರಿಸು."

ಸೈಕಲ್ ರಿಪೇರಿ ಅಂಗಡಿ ದಾಟಿ, ದರ್ಜಿಯ ಅಂಗಡಿಯ ಪಕ್ಕದ ಮೆಟ್ಟಿಲಿಳಿದು ಇಬ್ಬರೂ ಒಳಗೆ ಬಂದಾಗ ಯಂತ್ರದ ಸದ್ದಿಗೆ ಕಿವಿ ಗುಂಯ್‌ಗುಟ್ಟುತ್ತಿತ್ತು. ಯಜಮಾನರು ಲೋಟ ಕೆಳಗಿಟ್ಟು ಎದ್ದರು. ಅತ್ತಿಗೆ ಪೀಠಿಕೆ ಹಾಕಲಿಲ್ಲ. "ಕೊನೆಯ ಪುಟ ಬಿಟ್ಟುಹೋಗಿದೆ, ಸಿಪಾಯಿ ಸಾಯೋ ಪುಟ. ಹಾಕಿಸಿ" ಎಂದರು.

"ಅಮ್ಮಾ, ಕೂತ್ಕೊಳ್ಳಿ. ಬಿಟ್ಟಿದ್ದೇ ಒಳ್ಳೇದಾಯ್ತು ಅಂತೀನಿ ನಾನು. ಸಿಪಾಯಿ ಸತ್ರೆ ಇಲ್ಲಿರೋರೆಲ್ಲ ಸತ್ತಂಗೆ. ಕಥೆ ತಾನೆ ಅಮ್ಮ? ಅವನು ಬದುಕಿದ್ರೆ ಯಾರಿಗೇನು ನಷ್ಟ?"

"ಅವರು ನನ್ನ ಗಂಡ" ಎಂದರು ಅತ್ತಿಗೆ.

ಯಜಮಾನರು ಪ್ರೂಫ್ ಸಾರ್ ಮುಖ ನೋಡಿದರು. ಇಷ್ಟು ಕಾಲ ಜೊತೆಗಿದ್ದೂ ಅವರಿಗೆ ಇದು ಗೊತ್ತಿರಲಿಲ್ಲ. ಕೇಳಿದವರೂ ಅಲ್ಲ.

"ಸತ್ತರು ಅಂತ ನನಗೆ ಇವತ್ತಿನ ತನಕ ಯಾರೂ ಹೇಳಿಲ್ಲ" ಎಂದು ಅತ್ತಿಗೆ ಮುಂದುವರಿಸಿದರು. "ಕಾಣೆ ಅಂದ್ರು, ಅಷ್ಟೆ. ಯಾವ ಆಫೀಸಿಗೆ ಹೋದ್ರೂ ಅದೇ ಮಾತು. ನಿಮ್ಮಲ್ಲಾದ್ರೂ ಅಚ್ಚಾಗ್ಲಿ ಯಜಮಾನ್ರೆ. ಎಲ್ಲಾದ್ರೂ ಒಂದು ಕಡೆ ಆಗ್ಲಿ."

ಯಜಮಾನರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆದರೂ ವ್ಯಾಪಾರದ ಬುದ್ಧಿ ಒಮ್ಮೆ ತಲೆ ಎತ್ತಿತು. "ಆಯ್ತಮ್ಮ. ಉಳಿದ ಪ್ರತಿಗಳಿಗೆ ಒಂದು ಹಾಳೆ ಅಂಟಿಸೋಣ. ಆದ್ರೆ ಮಾಲೆ... ಅವನಿಗೊಬ್ಬ ತಮ್ಮ ಗಿಮ್ಮ ಇದ್ದಾನಾ, ಸೇಡು ಮುಂದುವರಿಸೋಕೆ?"

"ತಮ್ಮ ಇದ್ದಾನೆ" ಎಂದರು ಅತ್ತಿಗೆ. "ಆದ್ರೆ ಅವನಿಗೆ ತುಂಬಾ ಸುಸ್ತಾಗಿದೆ."

ಫೋರ್‌ಮನ್ ಅಷ್ಟರಲ್ಲಿ ಕಸದ ಬುಟ್ಟಿ, ಮೇಜಿನ ಅಡಿ ಎಲ್ಲ ತಡಕಾಡಿ ಕೈಚೆಲ್ಲಿದ್ದ. ಕತ್ತರಿಸಿದ ಹಾಳೆಗಳು ಯಂತ್ರದ ಮಸಿ ಒರೆಸಲು ಎಂದೋ ಹೋಗಿದ್ದವು, ಮನೆಯಲ್ಲಿದ್ದ ಕರಡು ಎಂದಿನಂತೆ ಒಲೆಗೆ. ಪ್ರೂಫ್ ಸಾರ್ ಮತ್ತೆ ಬರೆದುಕೊಡಲು ಲೇಖನಿ ತೆಗೆದರು. ಮೊದಲ ಸಾಲಿನ ಕಾಗೆ ಕಾಲು ನೋಡಿ ಫೋರ್‌ಮನ್ ಆಗದು ಎಂದು ತಲೆಯಾಡಿಸಿದ. "ಬಿಡು, ನನಗೆ ಬಾಯಿಗೆ ಬರುತ್ತೆ" ಎಂದು ಅತ್ತಿಗೆ ಮೊಳೆಗಳ ಪೆಟ್ಟಿಗೆಯ ಪಕ್ಕ ಹೋಗಿ ನಿಂತರು. ಯಜಮಾನರು ಸನ್ನೆ ಮಾಡಿ ಯಂತ್ರ ನಿಲ್ಲಿಸಿದರು. ಅತ್ತಿಗೆ ಹೇಳುತ್ತ ಹೋದರು, ಫೋರ್‌ಮನ್ ಒಂದೊಂದೇ ಮೊಳೆ ಆರಿಸಿ ಜೋಡಿಸುತ್ತ ಹೋದ.

'ಕದ ತೆರೆಯಿತು. ಅವಳು ದೀಪ ಎತ್ತಿ ಹಿಡಿದಳು. ತಡವಾಯಿತು ಎಂದ. ಹೂಂ ಎಂದಳು. ನೀರು ಕೊಟ್ಟಳು, ಕುಡಿದ. ಬೂಟು ಬಿಚ್ಚಲು ಅವನ ಬೆನ್ನು ಬಾಗಲಿಲ್ಲ, ಅವಳೇ ಬಿಚ್ಚಿದಳು. ಕಾಲು ಚಾಚಿ ಮಲಗಿದ. ಹೊರಗೆ ಎಲ್ಲೂ ಗುಂಡಿನ ಸದ್ದಿರಲಿಲ್ಲ. ಬೆಳಗಿನ ಜಾವ ಅವಳು ಹೊದಿಕೆ ಸರಿಪಡಿಸಲು ಬಂದಾಗ...'

ಅಲ್ಲಿಗೆ ಅತ್ತಿಗೆಯ ಮಾತು ನಿಂತಿತು. ಫೋರ್‌ಮನ್ ಕೈ ಪೆಟ್ಟಿಗೆಯ ಮೇಲೆ ಕಾಯುತ್ತಿತ್ತು. ಅವನು ಅವಸರ ಮಾಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಪ್ರೂಫ್ ಸಾರ್ ಆ ಮಾತನ್ನು ತಾವೇ ಹೇಳಿಬಿಡೋಣ ಎಂದು ಒಂದು ಹೆಜ್ಜೆ ಮುಂದಿಟ್ಟರು. ಅತ್ತಿಗೆ ಕೈ ಅಡ್ಡ ಮಾಡಿ ತಡೆದರು.

"ಸತ್ತಿದ್ದ" ಎಂದರು. "ಹಾಕಪ್ಪ. ಸತ್ತಿದ್ದ."

ಮಸಿ ಹಚ್ಚಿ, ಒದ್ದೆ ಹಾಳೆ ಒತ್ತಿ ತೆಗೆದು, ಫೋರ್‌ಮನ್ ರೂಢಿಯಂತೆ ಪ್ರೂಫ್ ಸಾರ್ ಕೈಗೆ ಕೊಟ್ಟ. ಜೀವಮಾನವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪ್ರೂಫ್ ನೋಡಿದವರಿಗೆ ಒಂದು ಅಕ್ಷರವೂ ಕಾಣಲಿಲ್ಲ. ಅತ್ತಿಗೆ ಹಾಳೆ ತೆಗೆದುಕೊಂಡು, ಪ್ರತಿ ಸಾಲಿನ ಕೆಳಗೂ ಬೆರಳಾಡಿಸುತ್ತ ಕೊನೆಯ ತನಕ ಓದಿದರು. ಆಮೇಲೆ ಕಾಗದದ ಕಟ್ಟಿನ ಮೇಲೆ ಮೆಲ್ಲಗೆ ಕೂತು, ಮೈದುನನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡರು.

"ನಿಮ್ಮಣ್ಣ ಹೋಗ್ಬಿಟ್ರು ಕಣಪ್ಪ" ಎಂದರು.

ಪ್ರೂಫ್ ಸಾರ್ ಅತ್ತಿಗೆಯ ಪಕ್ಕ ಕೂತು, ಅಚ್ಚುಕೂಟದವರೆಲ್ಲ ನೋಡುತ್ತಿದ್ದಂತೆ, ಅಣ್ಣಾ ಎಂದು ಬಿಕ್ಕಿ ಬಿಕ್ಕಿ ಅತ್ತರು.